ಚೀಟಿಯಲ್ಲಿ ಬಂದ ವಾದ

ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ಶಾಲೆಗೆ ಬೀಗ ಹಾಕಿದರು. ಅಲ್ಲಿ ಓದುತ್ತಿದ್ದ ಮೂವತ್ತೊಂದು ಮಕ್ಕಳ ಹೆಸರುಗಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಯ ಹಾಜರಿ ಪುಸ್ತಕಕ್ಕೆ ಶುಕ್ರವಾರವೇ ಬರೆದಾಗಿತ್ತು. ಮಕ್ಕಳಿಗೂ ಹೇಳಿರಲಿಲ್ಲ, ಹೆತ್ತವರಿಗೂ ಹೇಳಿರಲಿಲ್ಲ.

ಗೇಟಿನ ಮೇಲೆ ನೋಟಿಸು ಅಂಟಿಸಿದ್ದರು. ಗುರುವಾರ ಹನ್ನೊಂದಕ್ಕೆ ಶಾಲೆಯ ಅಂಗಳದಲ್ಲಿ ಅಹವಾಲು ಸಭೆ, ಆ ಸಭೆಯ ನಂತರ ಅಂತಿಮ ಆದೇಶ ಎಂದಿತ್ತು. ಮೂರನೆಯ ಪ್ಯಾರಾ ಹೀಗಿತ್ತು: “ಇದೇ ಬೀದಿಯಲ್ಲಿ ಬೆಳೆದು ಇದೇ ಶಾಲೆಯಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳ ಮಾತಿನಲ್ಲಿ ಹೇಳುವುದಾದರೆ, ಹತ್ತಿರವಿರುವುದೇ ಒಳ್ಳೆಯದೆನ್ನುವುದು ದೂರ ಹೋಗಲಾಗದವರ ಸಮಾಧಾನ. ಒಬ್ಬ ಶಿಕ್ಷಕಿಯನ್ನು ಐದು ತರಗತಿಗಳಿಗೆ ಹರಿದು ಹಂಚಿ ಅದನ್ನು ಶಾಲೆಯೆಂದು ಕರೆಯುವುದು ಮಕ್ಕಳಿಗೆ ಬಗೆಯುವ ದ್ರೋಹ.”

ಅದನ್ನು ಬರೆದವಳು ನಾನು.

ನಾನು ನಂಬಿ ಬರೆದದ್ದಲ್ಲ ಎಂದರೆ ಅರ್ಧ ಸುಳ್ಳು. ನಂಬಿಯೇ ಬರೆದೆ ಎಂದರೆ ಇನ್ನರ್ಧ ಸುಳ್ಳು. ಶನಿವಾರ ಮಧ್ಯಾಹ್ನ ನಾವು ಐದಾರು ಜನ ಪುಸ್ತಕ ಕಟ್ಟುವ ಬೈಂಡರ್ ಮಾಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ಓದುತ್ತೇವೆ. ಸುತ್ತ ಕತ್ತರಿಸಿದ ಕಾಗದದ ರಾಶಿ, ಅಂಟಿನ ವಾಸನೆ. ಅಲ್ಲೊಂದು ಕಟ್ಟಳೆ ಇದೆ. ಯಾವುದೇ ಪ್ರಶ್ನೆ ಬಂದರೂ ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ಪಕ್ಷ ಬಂತೋ ಅದನ್ನು, ಅದು ಎಷ್ಟೇ ಕಹಿಯಾಗಿರಲಿ, ಎದುರಿಗೆ ಕೂತವರು ತಲೆದೂಗುವ ಹಾಗೆ ವಾದಿಸಬೇಕು. ಮುಂದಿನ ಶನಿವಾರ ಅದೇ ವ್ಯಕ್ತಿ ತನ್ನ ವಾದವನ್ನು ತಾನೇ ಮುರಿಯಬೇಕು. ಎದುರಾಳಿಯ ತಲೆಯೊಳಗೆ ಒಂದು ವಾರ ವಾಸ ಮಾಡದವನ ಸಿಟ್ಟು ಬರೀ ಕೆಮ್ಮು ಎನ್ನುತ್ತಾನೆ ಮಾಮ.

ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗಳಿಗೆ ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆ ಬಂದ ದಿನ ನನಗೆ ಬಂದ ಚೀಟಿ ‘ಸೇರಿಸಬೇಕು’. ಹದಿನಾಲ್ಕು ಪುಟ ಬರೆದೆ. ಓದಿ ಮುಗಿಸಿದಾಗ, ಎಲ್ಲದಕ್ಕೂ ಅಡ್ಡ ಮಾತಾಡುವ ಕಂಡಕ್ಟರಕ್ಕನೂ “ಲೇ, ನಾಳೆಯಿಂದ ಇವಳನ್ನ ನಮ್ಮ ಬಸ್ಸಿಗೆ ಹತ್ತಿಸ್ಕೋಬಾರದು ಕಣ್ರೋ, ಟಿಕೆಟ್ ಇಲ್ಲದೇನೇ ಕರ್ಕೊಂಡು ಹೋಗೋಕೆ ನನ್ನನ್ನ ಒಪ್ಪಿಸಿಬಿಡ್ತಾಳೆ” ಎಂದು ನಕ್ಕಳು. ಮುಂದಿನ ಶನಿವಾರ ಮಾಮನಿಗೆ ಪರೀಕ್ಷೆಯ ಉತ್ತರ ಪುಸ್ತಕಗಳ ಅವಸರದ ಕೆಲಸ ಬಂದು ಕೂಟ ನಡೆಯಲಿಲ್ಲ. ಅದಾದ ಸೋಮವಾರ ಕಾಲೇಜಿನಲ್ಲಿ ರಾಜಕೀಯ ತತ್ತ್ವಶಾಸ್ತ್ರದ ಪ್ರಬಂಧ ಕೊಡಬೇಕಿತ್ತು. ಕೈಯಲ್ಲಿದ್ದದ್ದು ಆ ಹದಿನಾಲ್ಕು ಪುಟ. ಕೊಟ್ಟೆ. ಚೀಟಿಯ ಮಾತು ಹೇಳಲಿಲ್ಲ. ಪ್ರೊಫೆಸರು ಅದನ್ನು ತರಗತಿಯಲ್ಲಿ ಓದಿ ಹೇಳಿದಾಗಲೂ ಹೇಳಲಿಲ್ಲ. ಹೊಗಳಿಕೆ ಹಿತವಾಗಿತ್ತು. ಅವರು ಶಿಕ್ಷಣ ಸುಧಾರಣಾ ಸಮಿತಿಯ ಸದಸ್ಯರೆಂಬುದು ನನಗೆ ಗೊತ್ತಿತ್ತು. ಆದರೆ ಸಮಿತಿ ಎನ್ನುವುದು ಎಲ್ಲೋ ಮೇಜಿನ ಮೇಲೆ ನಡೆಯುವ ಸಂಗತಿ ಎಂದುಕೊಂಡಿದ್ದೆ, ಅದು ನಮ್ಮ ಬೀದಿಯ ಗೇಟಿಗೆ ಬಂದು ಅಂಟಿಕೊಳ್ಳುತ್ತದೆ ಎಂದು ಹೊಳೆದಿರಲಿಲ್ಲ.

ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಲಾಂಡ್ರಿಗೂ ಶಾಲೆಗೂ ನಡುವೆ ಒಂದೇ ಗೋಡೆ. ಮಡಿಚುವ ಮೇಜಿನ ಪಕ್ಕದ ಕಿಟಕಿಯಿಂದ ಶಾಲೆಯ ಅಂಗಳ ಕಾಣುತ್ತದೆ. ಅದಕ್ಕೇ ಆ ಮೇಜಿಗೆ ತಾಯಂದಿರ ನಡುವೆ ಸದಾ ಜಗಳ. ಸೋಮವಾರ ಮಧ್ಯಾಹ್ನ ನಾನು ಹೋದಾಗ ಅಕ್ಕ ಆ ಮೇಜಿನ ಹತ್ತಿರವೇ ಇದ್ದಳು. ಏಳು ವರ್ಷದ ಅವಳ ಮಗಳು ಪುಟ್ಟಿ ಮೇಜಿನಡಿ ದಿಂಬುಗವಸುಗಳ ಗುಡ್ಡೆಯ ಮೇಲೆ ಕೂತಿದ್ದಳು.

“ಬಂದ್ಯಾ? ಆ ಕೊನೆ ಹಿಡಿ” ಎಂದಳು ಅಕ್ಕ.

ಹಾಸುಬಟ್ಟೆ ಮಡಿಚಲು ಇಬ್ಬರು ಬೇಕು. ಎರಡು ಮೂಲೆ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಜಗ್ಗಬೇಕು, ಕೊಡವಬೇಕು, ನಡೆದು ಬಂದು ನನ್ನ ಮೂಲೆಗಳನ್ನು ಅವಳ ಬೆರಳಿಗೆ ಕೊಡಬೇಕು, ಬಗ್ಗಿ ಮಡಿಕೆ ಹಿಡಿದು ಹಿಂದೆ ಸರಿಯಬೇಕು.

“ನೋಟಿಸು ಓದಿದ್ಯೇನೇ? ನಮ್ಮ ಬೀದಿಯವಳೇ ಅಂತೆ, ನಮ್ಮ ಶಾಲೆಯಲ್ಲೇ ಓದಿದವಳಂತೆ. ಯಾವ ಮಹಾತಾಯಿ ಅವಳು? ಸಿಕ್ಕಿದ್ರೆ ಈ ಯಂತ್ರದೊಳಗೆ ಹಾಕಿ ಮೂರು ಸುತ್ತು ತಿರುಗಿಸ್ತೀನಿ.”

ನಾನು ಮೂಲೆಗಳನ್ನು ಅವಳ ಬೆರಳಿಗೆ ಕೊಟ್ಟೆ. “ಅಕ್ಕಾ, ಅದು ನಾನು.”

“ಏನು ನೀನು?”

“ಬರೆದಿದ್ದು.”

ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಚೀಟಿಯ ವಿಷಯ, ಕಟ್ಟಳೆಯ ವಿಷಯ, ಪ್ರಬಂಧದ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಯಂತ್ರಗಳ ಗದ್ದಲದಲ್ಲಿ ಅರ್ಧ ಕೂಗಿಯೇ ಹೇಳಬೇಕಾಯಿತು.

“ಚೀಟಿ ಎತ್ತಿದ್ಯಾ?” ಎಂದಳು. “ನನ್ನ ಮಗಳ ಶಾಲೆ ಮೇಲೆ ಚೀಟಿ ಎತ್ತಿ ಆಟ ಆಡಿದ್ಯಾ?”

“ಆಟ ಅಲ್ಲಕ್ಕ. ಅದು ಯೋಚಿಸೋ ರೀತಿ.”

“ಯೋಚಿಸೋ ರೀತಿ!” ಅವಳು ಬಟ್ಟೆಯನ್ನು ಮೇಜಿನ ಮೇಲೆ ಬಡಿದಳು. “ಆರಕ್ಕೆ ನನ್ನ ಪಾಳಿ. ಇಲ್ಲಿಯ ಹೆಂಗಸರದ್ದೆಲ್ಲ ಆರಕ್ಕೇ. ಎಂಟೂವರೆಗೆ ಪುಟ್ಟೀನ ಹೆದ್ದಾರಿ ದಾಟಿಸೋರು ಯಾರು? ನಿನ್ನ ಯೋಚನೇನಾ?” ಇನ್ನೊಂದು ಹಾಸುಬಟ್ಟೆ ಎಳೆದುಕೊಂಡು ನನ್ನತ್ತ ಎರಡು ಮೂಲೆ ಎಸೆದಳು. ಸಿಟ್ಟಿದ್ದರೂ ಕೆಲಸ ನಿಲ್ಲಿಸುವ ಹಾಗಿಲ್ಲ. “ಸರಿ ಬಿಡು. ಅಷ್ಟು ಚೆಂದ ಬರೆದವಳು ಉಲ್ಟಾ ಬರಿ. ಗುರುವಾರ ಓದು. ಅಷ್ಟೇ ತಾನೇ?”

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಅಂದು ಸಂಜೆ ಬರೆಯಲು ಕೂತೆ. ಒಂದು ವಾಕ್ಯವೂ ಕಾಲೂರಿ ನಿಲ್ಲಲಿಲ್ಲ. ‘ನಮ್ಮ ಶಾಲೆ ಒಳ್ಳೆಯ ಶಾಲೆ’ ಎಂದು ಬರೆದೆ, ಹೊಡೆದು ಹಾಕಿದೆ. ನಮ್ಮ ಶಾಲೆ ಒಳ್ಳೆಯ ಶಾಲೆಯಲ್ಲ. ನಮ್ಮ ಟೀಚರು ಸ್ವೆಟರ್ ಹೆಣೆಯುತ್ತ ಮಗ್ಗಿ ಹೇಳಿಸುತ್ತಿದ್ದರು, ಈಗಲೂ ಹೇಳಿಸುತ್ತಾರೆ. ಒಂದರಿಂದ ಐದರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಭಿನ್ನರಾಶಿ ಎಂದರೇನೆಂದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ, ಇಡೀ ತರಗತಿಯ ಎದುರು ಮಾನ ಕಳೆದುಕೊಂಡ ಮೇಲೆ. ಆ ಹದಿನಾಲ್ಕು ಪುಟ ಅಷ್ಟು ಸಲೀಸಾಗಿ ಹರಿದದ್ದು ಚೀಟಿಯ ದೆಸೆಯಿಂದಲೋ, ಆ ಅವಮಾನದ ದೆಸೆಯಿಂದಲೋ?

ಮಂಗಳವಾರ ನನಗೆ ತರಗತಿ ಇರಲಿಲ್ಲ. ಪುಟ್ಟಿಯನ್ನು ದೊಡ್ಡ ಶಾಲೆಗೆ ನಾನೇ ನಡೆಸಿಕೊಂಡು ಹೋದೆ. ನಲವತ್ತೇಳು ನಿಮಿಷ. ಅದರಲ್ಲಿ ಹನ್ನೊಂದು ನಿಮಿಷ ಹೆದ್ದಾರಿಯ ಅಂಚಿನಲ್ಲಿ ನಿಂತದ್ದೇ ಆಯಿತು. ಲಾರಿಯೊಂದು ಹಾದಾಗಲೆಲ್ಲ ಪುಟ್ಟಿಯ ಬೆನ್ನಿನ ಚೀಲ ಗಾಳಿಗೆ ಅಲುಗುತ್ತಿತ್ತು. ಕೆಟ್ಟ ಶಾಲೆಯೊಂದನ್ನು ಕಣ್ಣಾರೆ ಕಂಡು ಬರಬೇಕೆಂದೇ ಹೊರಟಿದ್ದೆ.

ಅದು ಕೆಟ್ಟದಾಗಿರಲಿಲ್ಲ. ಒಂದೊಂದು ತರಗತಿಗೂ ಒಂದೊಂದು ಕೋಣೆ, ಒಬ್ಬೊಬ್ಬ ಶಿಕ್ಷಕರು. ಗೋಡೆಯುದ್ದಕ್ಕೂ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಪುಸ್ತಕಗಳು. ಎರಡನೆಯ ತರಗತಿಯ ಮೇಡಂ ಪುಟ್ಟಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಪೊರೆ ತೋರಿಸಿದರು.

“ಚಿಕ್ಕೀ, ಇದರೊಳಗೆ ಮನೆಗಳಿವೆ! ಸಾಲಾಗಿ!” ಎಂದು ಕಿರುಚಿದಳು ಪುಟ್ಟಿ. ಸಂಜೆ ಕರೆದುಕೊಂಡು ಬರಲು ಹೋದಾಗ, “ನಾಳೆಯೂ ಇಲ್ಲಿಗೇ ತಾನೇ?” ಎಂದು ಕೇಳಿದಳು.

ನಾಳೆ ನನಗೆ ಮೂರು ತರಗತಿಗಳಿದ್ದವು. ಮೇಡಂ ಹಾಜರಿ ಪುಸ್ತಕ ತೋರಿಸಿದರು. ನಮ್ಮ ಬೀದಿಯ ಮೂವತ್ತೊಂದರಲ್ಲಿ ಅಂದು ಬಂದದ್ದು ನಾಲ್ಕು ಮಕ್ಕಳು. “ಉಳಿದೋರು ಯಾಕೆ ಬಂದಿಲ್ಲ? ಮನೇಲಿ ಓದಿನ ಬಗ್ಗೆ ಕಾಳಜಿ ಕಡಿಮೆಯಾ?” ಎಂದು ನಿಜವಾಗಿಯೂ ತಿಳಿಯದೆ ಕೇಳಿದರು. ಬೈಯಬೇಕೆನಿಸಿತು. ಅವರ ಮುಖ ನೋಡಿದರೆ ಬೈಯುವ ಹಾಗೂ ಇರಲಿಲ್ಲ.

ದಾರಿಯುದ್ದಕ್ಕೂ ತಲೆ ಗಿರಗಿರ. ನ್ಯಾಯವೆಂದರೆ ಎಲ್ಲರಿಗೂ ಒಳ್ಳೆಯದನ್ನು ಕಟ್ಟಿಡುವುದೋ, ಇರುವುದನ್ನು ಎಲ್ಲರ ಕೈಗೆ ತಲುಪಿಸುವುದೋ? ನಾಲ್ವರಿಗೆ ಸೂಕ್ಷ್ಮದರ್ಶಕ ಕೊಟ್ಟು ಇಪ್ಪತ್ತೇಳು ಮಕ್ಕಳನ್ನು ಮೇಜಿನಡಿಗೆ ತಳ್ಳುವುದನ್ನು ಪ್ರಗತಿ ಎನ್ನಬೇಕೋ? ಹಾಗಾದರೆ ಮೂವತ್ತೊಂದು ಮಕ್ಕಳಿಗೂ ಭಿನ್ನರಾಶಿ ತಿಳಿಸದೆ ಕಳಿಸುವುದನ್ನು ಏನೆನ್ನಬೇಕು? ಎರಡೂ ಕಡೆ ಬೈಗುಳ ಮಾತ್ರ ಸಿದ್ಧವಿತ್ತು.

ಬುಧವಾರ ಪ್ರೊಫೆಸರು ಕೋಣೆಗೆ ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ ಅಚ್ಚಾದ ಹಾಳೆ ಮುಂದಿಟ್ಟರು.

“ನಾಳೆ ನೀನು ಇದನ್ನ ಓದ್ಬೇಕಮ್ಮ. ಒಂದು ಪುಟ ಅಷ್ಟೇ. ಸ್ಥಳೀಯರ ಒಂದು ದನಿ ನಡಾವಳಿಯಲ್ಲಿ ದಾಖಲಾದ್ರೆ ನಾಳೆಯೇ ಅಂತಿಮ ಆದೇಶ. ಇಲ್ದಿದ್ರೆ ಮತ್ತೆ ಮನೆ ಮನೆ ಸಮೀಕ್ಷೆ, ಅಲ್ಲಿವರೆಗೆ ಹಳೆ ಶಾಲೆ ತೆಗೀಬೇಕು, ಒಂದು ವರ್ಷ ಎಳೆಯುತ್ತೆ.”

“ಸರ್, ಅದು ನನ್ನ ಅಭಿಪ್ರಾಯ ಅಲ್ಲ. ಚೀಟೀಲಿ ಬಂದಿದ್ದು.” ವಿಷಯವನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಸಿಟ್ಟಾಗಲಿಲ್ಲ. “ವಾದ ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ. ಸರಿಯೋ ತಪ್ಪೋ ಅನ್ನೋದು ಮುಖ್ಯ. ಇದರಲ್ಲಿ ತಪ್ಪೇನಿದೆ, ತೋರಿಸು.”

“ಹೆದ್ದಾರಿ ಇದೆ ಸರ್” ಎಂದೆ.

“ಹೆದ್ದಾರಿ ಸಾರಿಗೆಯ ಸಮಸ್ಯೆ. ತತ್ತ್ವದ ಸಮಸ್ಯೆ ಅಲ್ಲ. ನಾನೂ ಒಂದೇ ಮೇಷ್ಟ್ರ ಶಾಲೇಲಿ ಓದಿದವನು. ವಾರಕ್ಕೆ ಎರಡು ದಿನ ಅವರು ಬರ್ತಾನೇ ಇರ್ಲಿಲ್ಲ. ನನ್ನ ಜೊತೆ ಇದ್ದ ಇಪ್ಪತ್ತು ಮಂದಿಯಲ್ಲಿ ಓದು ಮುಂದುವರಿಸಿದ್ದು ನಾನೊಬ್ಬನೇ. ಆ ಹತ್ತೊಂಬತ್ತು ಜನರಿಗೋಸ್ಕರ ನಾನು ಈ ಸಮಿತೀಲಿ ಕೂತಿದ್ದೀನಿ, ಗೊತ್ತಾ? ತರಗತೀಲಿ ಏನು ಹೇಳಿದ್ದೆ? ನೀನು ಯಾರ ಮನೇಲಿ ಹುಟ್ತೀಯ ಅಂತ ನಿನಗೆ ಗೊತ್ತಿಲ್ಲ ಅಂದ್ಕೊ. ಆಗ ಎಂಥ ಶಾಲೆ ಕಟ್ತೀಯ?”

ನನ್ನ ತೊಂದರೆ ಅದೇ ಆಗಿತ್ತು. ಯಾರ ಮನೆಯಲ್ಲಿ ಹುಟ್ಟಿದೆನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹತ್ತೊಂಬತ್ತು ಜನರ ವಿಷಯ ಕೇಳಿದ ಮೇಲೆ ಅದನ್ನು ಅವರೆದುರು ಆಡುವುದು ಸರಿಯೆನಿಸದೆ ಎದ್ದೆ. ಬಾಗಿಲು ದಾಟುವಾಗ ಅವರು, “ನಿನ್ನ ಸಂಶೋಧನೆಯ ಸೀಟಿಗೆ ಶಿಫಾರಸು ಬರೀತಾ ಇದ್ದೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದರು. ಸಂಬಂಧವಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಅಲ್ಲಿಂದ ಸೀದಾ ಮಾಮನ ಅಂಗಡಿಗೆ ಹೋದೆ. ಅವನು ಹಾಳೆಗಳ ಕಂತೆಯನ್ನು ಸೂಜಿಯಿಂದ ಹೊಲಿಯುತ್ತಿದ್ದ. ಎಲ್ಲ ಕೇಳಿಸಿಕೊಂಡು ದಾರ ಕಚ್ಚಿ ಕತ್ತರಿಸಿದ.

“ಅರ್ಧ ಹೊಲಿದ ಪುಸ್ತಕ ಅಂಗಡಿಯಿಂದ ಆಚೆ ಹೋಗಿದೆ. ತಪ್ಪು ನಂದೂ ಇದೆ ಕಣಮ್ಮ, ಆ ಶನಿವಾರ ನಾನು ಕೂಟ ಬಿಡಬಾರದಿತ್ತು.”

“ಹಾಗಾದ್ರೆ ಇನ್ನರ್ಧ ಹೇಳು ಮಾಮ. ಹೇಗೆ ಮುರೀಲಿ?”

“ನಾನು ಹೇಳಿದ್ರೆ ನಂದಾಗುತ್ತೆ. ನಿಂಗೇನು ಅನ್ಸುತ್ತೆ?”

“ಏನೂ ಅನ್ಸಲ್ಲ! ಅಂದ್ರೆ, ಎಲ್ಲ ಅನ್ಸುತ್ತೆ. ಅಕ್ಕನ ಹತ್ರ ನಿಂತ್ರೆ ಅಕ್ಕ ಸರಿ, ಸರ್ ಹತ್ರ ನಿಂತ್ರೆ ಸರ್ ಸರಿ, ಸೂಕ್ಷ್ಮದರ್ಶಕದ ಹತ್ರ ನಿಂತ್ರೆ ಪುಟ್ಟಿ ಸರಿ. ನಾಲ್ಕು ವರ್ಷ ಇದನ್ನೇ ಓದಿ ನಾನು ಕಲಿತಿದ್ದು ಇಷ್ಟೇನಾ?”

“ಇಷ್ಟೂ ಕಲೀದೆ ಆಫೀಸರ್ ಆದವರಿದ್ದಾರೆ” ಎಂದ ಮಾಮ. ನಗು ಬರಲಿಲ್ಲ. ಅವನಿಗೂ ಬರಲಿಲ್ಲ.

ಗುರುವಾರ ಹನ್ನೊಂದು ಗಂಟೆ ಲಾಂಡ್ರಿಯಲ್ಲಿ ಪಾಳಿಯ ಹೊತ್ತು. ಮೂವತ್ತೊಂದು ಮಕ್ಕಳ ಹೆತ್ತವರಲ್ಲಿ ಬಂದದ್ದು ಏಳು ಜನ. ಅಕ್ಕ ಯಾರಿಗೋ ಭಾನುವಾರದ ರಜೆ ಬಿಟ್ಟುಕೊಟ್ಟು, ಒದ್ದೆ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು. ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು ಎಲ್ಲ. ಶಿಕ್ಷಣಾಧಿಕಾರಿಗೆ, ಪ್ರೊಫೆಸರಿಗೆ ಮಾತ್ರ ಕುರ್ಚಿ.

ಅಕ್ಕ ಎದ್ದು ಪಾಳಿಯ ಮಾತು, ಹೆದ್ದಾರಿಯ ಮಾತು ಹೇಳಿದಳು. ಅಧಿಕಾರಿ ತಾಳ್ಮೆಯಿಂದ ಕೇಳಿ, “ನೋಡಮ್ಮ, ತಕರಾರು ಲಿಖಿತವಾಗಿ ಇರ್ಬೇಕು, ಕಾರಣ ಸಮೇತ. ಇದು ನಿಮ್ಮ ಮನೆಯ ಅನುಕೂಲದ ಮಾತಾಯ್ತು” ಎಂದರು.

“ಅಯ್ಯೋ ಸ್ವಾಮಿ, ಮನೆ ಇರೋರೆಲ್ಲ ಮನೆ ಮಾತೇ ಆಡೋದು” ಎಂದಳು ಅಕ್ಕ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಡಾವಳಿ ಪುಸ್ತಕ ಹಿಡಿದು ಕೂತಿದ್ದ ಗುಮಾಸ್ತ ಪೆನ್ನು ಎತ್ತಲಿಲ್ಲ.

ಆಮೇಲೆ ಅಧಿಕಾರಿ ನನ್ನ ಕಡೆ ಕೈ ಮಾಡಿದರು. “ಇವಳು ನಿಮ್ಮ ಬೀದಿಯ ಹುಡುಗಿಯೇ. ಇವಳ ಮಾತಾದ್ರೂ ಕೇಳಿ. ಬಾಮ್ಮ, ಓದು.”

ಹಾಳೆ ನನ್ನ ಕೈಗೆ ಬಂತು. ಗುಮಾಸ್ತ ಈಗ ಪೆನ್ನಿನ ಮುಚ್ಚಳ ತೆಗೆದ. ಅದನ್ನು ನೋಡಿದೆ. ಅಕ್ಕ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ಪುಸ್ತಕಕ್ಕೆ ಬಿದ್ದಿರಲಿಲ್ಲ. ನನ್ನ ವಾಕ್ಯಗಳು ಅಚ್ಚುಕಟ್ಟಾಗಿದ್ದವು, ಆದ್ದರಿಂದ ಅವು ಪುಸ್ತಕಕ್ಕೆ ಬೀಳುತ್ತವೆ. ಇಲ್ಲಿ ಯಾರು ಸರಿ ಎನ್ನುವುದು ನನಗೆ ಇನ್ನೂ ಹೊಳೆದಿರಲಿಲ್ಲ. ಯಾರ ಮಾತಿಗೆ ಪೆನ್ನು ಏಳುತ್ತದೆ ಎನ್ನುವುದಷ್ಟೇ ಕಾಣುತ್ತಿತ್ತು.

“ಓದಮ್ಮ” ಎಂದರು ಪ್ರೊಫೆಸರು ಮೆಲ್ಲಗೆ.

“ಓದಲ್ಲ ಸರ್.”

ಅಧಿಕಾರಿ ಮುಂದಕ್ಕೆ ಬಾಗಿದರು. “ಇದು ನೀನು ಬರೆದದ್ದೇ ಅಲ್ವಾ?”

“ನಾನೇ ಬರೆದದ್ದು.”

“ಇದರಲ್ಲಿ ಸುಳ್ಳಿದ್ಯಾ?”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದುಬಿಡು ಎನ್ನುತ್ತಿತ್ತು ಅವಳ ಮುಖ. “ಇಲ್ಲ” ಎಂದೆ. ಅವಳು ಹಣೆ ಚಚ್ಚಿಕೊಂಡಳು.

“ಸುಳ್ಳಿಲ್ಲ, ನೀನೇ ಬರೆದದ್ದು. ಮತ್ತೇನು ಕಷ್ಟ? ಒಂದೋ ಇದನ್ನ ಓದು, ಇಲ್ಲ ಇದು ತಪ್ಪು ಅಂತ ಬರೆದು ರುಜು ಹಾಕು. ಎರಡರಲ್ಲಿ ಒಂದು ಮಾಡು. ನಮಗೂ ಬೇರೆ ಕೆಲಸ ಇದೆ.”

“ಎರಡೂ ಮಾಡಲ್ಲ. ಇಲ್ಲಿ ಸ್ಥಳೀಯರ ದನಿ ದಾಖಲಾಗ್ಲಿಲ್ಲ ಅಂತ ಬರ್ಕೊಳ್ಳಿ.”

“ನಿನಗೇನು ಬೇಕು ಅಂತ ನಿನಗಾದ್ರೂ ಗೊತ್ತಿದ್ಯಾ?”

“ಗೊತ್ತಿಲ್ಲ ಸರ್” ಎಂದೆ. ಹಾಳೆಯನ್ನು ಅವರತ್ತ ಚಾಚಿದೆ. “ಆದ್ರೆ ಓದಲ್ಲ.”