ಮುಂಚೆ ಹೊರಟವರು

ಆ ಊರಿನ ಓಟದ ಬಳಗಕ್ಕೆ ಚಳಿಗಾಲದಲ್ಲೊಂದು ಸಂಭ್ರಮದ ಓಟವಿತ್ತು. ಹ್ಯಾಂಡಿಕ್ಯಾಪ್ ಓಟವೆಂದು ಅದರ ಹೆಸರು. ನಿಧಾನಿಗಳು ಮೊದಲು ಹೊರಡಬೇಕು, ಚುರುಕಿನವರು ಕಾಯಬೇಕು. ಯಾರು ಎಷ್ಟು ಹೊತ್ತು ಕಾಯಬೇಕೆಂದು ಹಿಂದಿನ ಓಟಗಳನ್ನು ನೋಡಿ ಗೊತ್ತುಮಾಡುವವರು ಗಡಿಯಾರ ರಿಪೇರಿಯವರು. ಅವರ ಲೆಕ್ಕ ಸರಿಯಿದ್ದರೆ, ಸಂಜೆ ದನಗಳು ಕೊಟ್ಟಿಗೆಗೆ ಬಂದ ಹಾಗೆ ಎಲ್ಲರೂ ಕೊನೆಯ ಗೆರೆಗೆ ಒಟ್ಟಿಗೇ ಬಂದು ಸೇರುತ್ತಿದ್ದರು. ತಲೆಯ ಮೇಲೆ ಬಣ್ಣದ ಕಾಗದದ ಟೋಪಿ ಇರಲೇಬೇಕು. ಅದು ಬಿದ್ದರೆ ನಿಂತು ಎತ್ತಿಕೊಳ್ಳಬೇಕು.

ಬೇಕರಿಯವನು ವರ್ಷಾನುಗಟ್ಟಲೆ ಎಲ್ಲರಿಗಿಂತ ಕಡೆಗೆ ಹೊರಟವನು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋಗುವುದೆಂದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷ. ಅವನ ಹೆಂಡತಿ ಮೊದಲ ಗುಂಪಿನವಳು. ಕೊನೆಯ ತಿರುವಿನಲ್ಲಿ ಅವಳನ್ನು ದಾಟುವ ಒಂದು ಗಳಿಗೆ, ಅಷ್ಟೇ ಅವರ ಜೊತೆ ಓಟ.

ಈ ಬೇಸಿಗೆಯಲ್ಲಿ ಅವನ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಬಂದು ತಿಂಗಳುಗಳು ಕಳೆದ ಮೇಲೆ ಡಾಕ್ಟರಮ್ಮ ಓಡಬಹುದು ಎಂದರು, ಆದರೆ ಬಾಯಲ್ಲಿ ಮಾತು ಬರುವಷ್ಟು ನಿಧಾನವಾಗಿ. ಗಡಿಯಾರದವರು ಹೆಂಡತಿಯ ಅಣ್ಣನೇ. ಅವರು ಬೇಕರಿಯವನನ್ನು ತಂಗಿಯ ಜೊತೆಗೇ ಮೊದಲ ಗುಂಪಿಗೆ ಹಾಕಿದರು. ಅವನಿಗೆ ಮುಖ ಸುಟ್ಟಂತಾಯಿತು. ಓಟದ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ, ಇವತ್ತು ಮೊದಲಿನ ಓಟ ಬರದಿದ್ದರೆ ಇನ್ನು ಈ ಬೂಟು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿಬಿಟ್ಟ. ಅವಳು ಅವನ ತಲೆಗೆ ಕಾಗದದ ಟೋಪಿ ಇಟ್ಟಳು.

ಸೀಟಿ ಊದಿದ್ದೇ ತಡ, ಹಳೆಯ ಚಾಳಿಯಂತೆ ಬಾಣದ ಹಾಗೆ ಹೊರಟ. ಲಾಂಡ್ರಿಯ ಹಿಂದಿನ ಏರು ಅರ್ಧ ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಗೋಡೆ ಹಿಡಿದು ನಿಂತ. ಹೆಂಡತಿ ತನ್ನ ಪಾಡಿಗೆ ತಾನು ಬಂದಳು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಹೆಜ್ಜೆಗೊಂದು ದೇವರ ಹೆಸರು. ಇಷ್ಟು ವರ್ಷದಲ್ಲಿ ಅವನು ಅದನ್ನು ಕಂಡದ್ದೇ ಇಲ್ಲ.

ಉಸಿರು ಕೂಡಿದ ಮೇಲೆ ಇಬ್ಬರೂ ನಿಧಾನವಾಗಿ ಓಡತೊಡಗಿದರು.

“ಇಷ್ಟು ವರ್ಷ ಒಬ್ಬಳೇ ಓಡ್ತಿದ್ದೆಯಲ್ಲ, ಬೇಜಾರಾಗ್ತಿರಲಿಲ್ವ?”

“ಯಾಕ್ರೀ ಬೇಜಾರು? ದಾರಿ ಎಲ್ಲ ಖಾಲಿ. ದೇವರ ಹತ್ರ ಎರಡು ಮಾತಾಡೋಣ ಅಂದ್ರೆ ಮನೇಲಿ ನೀವು ಪುರುಸೊತ್ತು ಕೊಡ್ತೀರಾ?”

ಅವನಿಗೆ ನಗು ಬಂತು. ಅಷ್ಟರಲ್ಲಿ ಹಿಂದಿನಿಂದ ಅಂಚೆಯಾಕೆ ಬಂದವಳು, ಒಲೆ ಇನ್ನೂ ಕಾದಿಲ್ಲವೇ ಎಂದು ಕೆಣಕಿ ದಾಟಿದಳು. ಅವಳ ಹಿಂದೆ ಬಡಗಿ. ಬೇಕರಿಯವನು ಪಕ್ಕಕ್ಕೆ ನೋಡಿದ. ಹೆಂಡತಿಯ ಉಸಿರು ತೂಗುಯ್ಯಾಲೆಯಂತೆ ಹಗುರವಾಗಿತ್ತು. ಅವಳು ತನಗಾಗಿ ಕಾಲನ್ನು ಬಿಗಿಹಿಡಿದು ಓಡುತ್ತಿದ್ದಾಳೆಂದು ಆಗ ಅವನಿಗೆ ಹೊಳೆಯಿತು.

“ನೀನು ಹೋಗು,” ಅಂದ.

“ನಿಮ್ಮನ್ನ ಬಿಟ್ಟಾ?”

“ಪ್ರತಿ ವರ್ಷ ನಾನು ನಿನ್ನ ಬಿಟ್ಟೇ ಹೋಗ್ತಿದ್ನಲ್ಲೇ.”

ಅವಳು ಅವನ ಮುಖವನ್ನೊಮ್ಮೆ ಓದುವಂತೆ ನೋಡಿದಳು. ಬಣ್ಣ ಮರಳಿದೆ, ಮಾತೂ ಸಲೀಸಾಗಿ ಬರುತ್ತಿದೆ. ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿದಂತೆ ಸೊಂಟಕ್ಕೆ ಕೈ ಹೋಯಿತು, ಹೊರಟೇಬಿಟ್ಟಳು. ಏರು ಮುಗಿಯುವ ಮುಂಚೆ ಬಡಗಿಯನ್ನು ದಾಟಿದ್ದಳು.

ಉಳಿದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಆಮೇಲೆ ದಾರಿಯಲ್ಲಿ ಅವನೊಬ್ಬನೇ. ಮಂಜು ಕರಗಿ ಬಿಸಿಲು ಗೋಡೆಗಳ ಮೇಲಿಂದ ಇಳಿಯುತ್ತಿತ್ತು. ಹಿಂದೆ ಹಾಕಲು ಯಾರೂ ಇಲ್ಲದ ದಾರಿ ಇಷ್ಟು ಅಗಲವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎದೆಗೆ ಕೈಯಿಟ್ಟು ನೋಡಿಕೊಂಡ. ಅದು ತನ್ನ ಕೆಲಸ ತಾನು ಮಾಡುತ್ತಿತ್ತು. ಯಾರದೋ ಉಪಕಾರ ನೆನೆದವನಂತೆ ಅವನ ತಲೆ ತಾನಾಗಿ ಬಾಗಿತು.

ಗೆರೆಯ ಹತ್ತಿರ ಹೆಂಡತಿ ಎಲ್ಲರ ನಡುವೆ ನಿಂತಿದ್ದಳು. ಎರಡನೆಯವಳಾಗಿ ಬಂದಿದ್ದಳಂತೆ. ಗಡಿಯಾರದವರು ಅವನನ್ನು ಒಂದು ಪಕ್ಕಕ್ಕೆ ಕರೆದು, ಕಾಯಿಲೆಯಿಂದ ಎದ್ದ ವರ್ಷ ಇದು, ಇವತ್ತಿನ ಓಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಸಮಾಧಾನ ಹೇಳಲು ಬಂದರು.

“ಹಿಡೀರಿ ಭಾವ,” ಅಂದ ಬೇಕರಿಯವನು. “ನನ್ನ ಓಟ ಈಗ ಇಷ್ಟೇ. ಮುಂದಿನ ವರ್ಷ ಇದರ ಮೇಲೇ ಲೆಕ್ಕ ಹಾಕಿ. ನಾನು ಅವಳಿಗಿಂತ ಮುಂಚೆ ಹೊರಡ್ತೀನಿ.”