ಬರೀ ಗ್ಯಾಸ್ಟ್ರಿಕ್

೧
ಎಲ್ಲಿಂದ ಶುರುಮಾಡಲಿ? ಸೈನ್ಯದ ಕಥೆ ಅಂದಮೇಲೆ ನೀವು ಗುಂಡಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತೀರಿ. ನಾನೂ ಮೊದಲ ಕರಡಿನಲ್ಲಿ ನಾಯಕನನ್ನು ಬೆಟ್ಟದ ತುದಿಯಲ್ಲಿ ನಿಲ್ಲಿಸಿದ್ದೆ. "ಇಲ್ಲಿ ಮರೆ ಎಲ್ಲಿದೆ ಸಾರ್?" ಎಂದ. ಹಾಳೆ ಹರಿದು ಹಾಕಿದೆ.

೨
ಅವನು ಲಾರಿ ಗ್ಯಾರೇಜಿನ ಮೆಕ್ಯಾನಿಕ್. ಅರ್ಧ ಬಿಚ್ಚಿದ ಗೇರ್‌ಬಾಕ್ಸ್ ಬಿಟ್ಟು ಶೌಚಾಲಯಕ್ಕೆ ಓಡುತ್ತಾನೆಂದು ಜೊತೆಯವರು ಇಟ್ಟ ಹೆಸರು ಅರ್ಜೆಂಟ್. ದೊಡ್ಡಕರುಳಿನಲ್ಲಿ ಹುಣ್ಣು, ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದಾನೆ. ಅವನ ಅಮ್ಮ ಮಾತ್ರ ನೆಂಟರಿಷ್ಟರಿಗೆಲ್ಲ "ಬರೀ ಗ್ಯಾಸ್ಟ್ರಿಕ್" ಅಂತ ಹೇಳಿಕೊಂಡು ಬಂದಿದ್ದಾಳೆ. ಗ್ಯಾಸ್ಟ್ರಿಕ್ ಅಂದರೆ ಯಾರೂ ಕೆದಕಿ ಕೇಳುವುದಿಲ್ಲ. ಕೇಳುವವರಿಗೂ ಅದೇ ಇರುತ್ತೆ.

ಅರ್ಜೆಂಟ್‌ಗೆ ಬೇಕಾದದ್ದು ಸೈನ್ಯದ ಗಾಡಿ ರಿಪೇರಿ ಮಾಡುವ ಕೆಲಸ. ನಡುದಾರಿಯಲ್ಲಿ ಗಾಡಿ ಕೆಟ್ಟು ನಿಂತಾಗ ಹತ್ತು ಜನ ತನ್ನ ಮುಖ ನೋಡಬೇಕು ಅನ್ನುವ ಆಸೆ ಅವನಿಗೆ ಹೈಸ್ಕೂಲಿನಿಂದಲೂ ಇದೆ. ಓಟದಲ್ಲಿ ಪಾಸ್, ಲಿಖಿತ ಪರೀಕ್ಷೆಯಲ್ಲೂ ಪಾಸ್. ಉಳಿದದ್ದು ವೈದ್ಯಕೀಯ ತಪಾಸಣೆಯ ಫಾರಂ.

೩
'ಕರುಳಿನ ಕಾಯಿಲೆ: ಇದೆ / ಇಲ್ಲ.'

"ಇಲ್ಲ ಅಂತ ಬರಿಯೋ," ಅಮ್ಮ ಪಿಸುಗುಟ್ಟಿದಳು. "ಬರೀ ಗ್ಯಾಸ್ಟ್ರಿಕ್ ತಾನೆ."

ನಾನೂ ದನಿಗೂಡಿಸಿದೆ. "ಬರಿಯಪ್ಪ, ಕಥೆ ಮುಂದಕ್ಕೆ ಹೋಗಲಿ. ಬೇಕಾದ್ರೆ ಕಾಯಿಲೆನೇ ಹೊಡೆದುಹಾಕ್ತೀನಿ, ಒಂದು ಗೆರೆ ಎಳೆದರಾಯ್ತು."

"ಆರು ವರ್ಷ ಅನುಭವಿಸಿದ್ದು ನಾನು. ನೀವು ಒಂದು ಗೆರೇಲಿ ಮುಗಿಸ್ತೀರಾ ಸಾರ್?"

"ಮತ್ತೇನು ಮಾಡ್ತೀಯ?"

"ಮಾತ್ರೆ ಸಿಗದ ಜಾಗದಲ್ಲಿ ಗಾಡಿ ಕೆಟ್ಟರೆ, ಹತ್ತು ಜನ ನನ್ನ ನಂಬ್ಕೊಂಡು ಕೂತಿರ್ತಾರೆ. ಅವರಿಗೂ ಗ್ಯಾಸ್ಟ್ರಿಕ್ ಅಂತ ಹೇಳ್ಲಾ?"

'ಇದೆ' ಎಂಬಲ್ಲಿ ಟಿಕ್ ಹಾಕಿದ. ಅಮ್ಮ ಮುಖ ತಿರುಗಿಸಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು.

೪
(ಇಲ್ಲಿ ಕರುಳು ಹಿಂಡುವಂಥ ಭಾಷಣವೊಂದಿತ್ತು. ಈ ಕಥೆಯಲ್ಲಿ ಆ ಮಾತು ಚೆನ್ನಾಗಿರುವುದಿಲ್ಲ ಅಂತ ತೆಗೆದೆ.)

೫
ಸೈನ್ಯದ ಡಾಕ್ಟರಮ್ಮ ಫಾರಂ ಓದಿ ಕನ್ನಡಕ ತೆಗೆದರು. "ಇದನ್ನ ಬಾಯಿಬಿಟ್ಟು ಹೇಳಿದವನು ನೀನೇ ಮೊದಲು. ನಿಯಮದ ಪ್ರಕಾರ ಆಗಲ್ಲಪ್ಪ. ವರ್ಕ್‌ಶಾಪ್ ಬಿಟ್ಟು ಹೊರಗೆ ಕಳಿಸದ ಕೆಲಸ ಏನಾದ್ರೂ ಇದೆಯಾ ಅಂತ ಮೇಲಿನವರನ್ನ ಕೇಳ್ತೀನಿ. ಹೊರಗೆ ಕೂತಿರು."

ಅಂತ್ಯ ಒಂದು: ಮೇಲಿನವರು ಆಗಲ್ಲ ಅಂದರು, ಅವನು ವಾಪಸ್ ಗ್ಯಾರೇಜಿಗೆ ಹೋದ.

ಅಂತ್ಯ ಎರಡು: ಆಗಲಿ ಅಂದರು. ನಿಮಗೆ ಇದೇ ಬೇಕು, ಗೊತ್ತು. ನನಗೂ ಇದೇ ಬೇಕು. ಬರೆಯೋಣ ಅಂತ ಪೆನ್ನು ಎತ್ತಿದರೆ, ಸಿಪಾಯಿ ಬಾಗಿಲಿಗೆ ಬಂದು ಅವನ ನಂಬರ್ ಕೂಗಿದ. ಬೆಂಚಿನ ಮೇಲೆ ಅವನಿಲ್ಲ. ಓಡಿಹೋಗಿ ಶೌಚಾಲಯದ ಬಾಗಿಲು ಬಡಿದೆ.

"ಕರೀತಿದ್ದಾರೆ ಕಣೋ. ನಿನ್ನ ಭವಿಷ್ಯ ಬಾಗಿಲಲ್ಲಿ ನಿಂತಿದೆ."

"ಎರಡು ನಿಮಿಷ ನಿಂತ್ಕೊಳ್ಳೋಕೆ ಹೇಳಿ ಸಾರ್."

ಸಿಪಾಯಿ ಮುಂದಿನ ನಂಬರಿಗೆ ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಎದ್ದಳು. (ನಾನು ಬರೆದದ್ದಲ್ಲ, ತಾನಾಗಿ ಎದ್ದಳು.) ಬೆಂಚುಗಳ ಮೇಲಿದ್ದ ಮೂವತ್ತು ಜನಕ್ಕೂ ಕೇಳುವಂತೆ ಹೇಳಿದಳು:

"ನನ್ನ ಮಗನಿಗೆ ದೊಡ್ಡಕರುಳಲ್ಲಿ ಹುಣ್ಣಿದೆ. ಒಳಗೆ ಹೋಗಿದ್ದಾನೆ, ಬರ್ತಾನೆ. ಅಲ್ಲೀವರೆಗೆ ಬೇರೆ ಯಾರನ್ನೂ ಕರೀಬೇಡಿ."

ಸಿಪಾಯಿ ಬಾಯಿ ಮುಚ್ಚಿದ. ನಾನು ಪೆನ್ನಿನ ಮುಚ್ಚಳ ಹಾಕಿದೆ. ನಿಮಗೆ ಬೇರೆ ಕೆಲಸವಿದ್ದರೆ ಹೊರಡಿ. ನಾನಂತೂ ಇಲ್ಲೇ, ಅವಳ ಪಕ್ಕದಲ್ಲಿ, ಬೆಂಚಿನ ಮೇಲೆ ಕೂತಿರುತ್ತೇನೆ.