ಅಕ್ಕ ತೆಗೆದ ಹದಿನಾಲ್ಕು ಫೋಟೊ

ಮನೆ ಬದಲಾಯಿಸಬೇಕೆಂದಿದ್ದ ತಂಗಿ ಜ್ವರ ಬಂದು ಮಲಗಿದ್ದರಿಂದ, ಬಾಡಿಗೆ ಮನೆ ನೋಡಿ ಫೋಟೊ ತೆಗೆದು ಕಳಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಮೂರನೇ ಮಹಡಿಯ ಬಾಗಿಲು ತೆರೆದದ್ದೇ ತಡ, ಅವಳ ಹೊಟ್ಟೆಗೆ ಕಿಚ್ಚು ಬಿತ್ತು. ಅಡುಗೆಮನೆಗೆ ಎರಡು ಕಿಟಕಿ, ಹಾಲ್ ತುಂಬ ಬಿಸಿಲು, ಮರಗಳ ಕಡೆಗೆ ಚಾಚಿಕೊಂಡ ಬಾಲ್ಕನಿ. ತನ್ನ ಮನೆಯಲ್ಲೋ, ಹನ್ನೊಂದು ವರ್ಷದಿಂದ ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಚಿಕ್ಕಂದಿನಿಂದಲೂ ಒಳ್ಳೆಯದೆಲ್ಲ ತಂಗಿಗೇ ಎಂದುಕೊಂಡಳು.

ಬಾಲ್ಕನಿಯ ಕಡೆ ಅವಳು ಫೋನ್ ತಿರುಗಿಸಲೇ ಇಲ್ಲ. ಸಿಂಕಿನ ಕೆಳಗಿನ ತೇವ, ಬಚ್ಚಲಿನ ಒಡೆದ ಟೈಲು, ಸೋರುವ ನಲ್ಲಿ, ಸರಿಯಾಗಿ ಮುಚ್ಚದ ಕಪಾಟು ಎಲ್ಲವನ್ನೂ ಹುಡುಕಿ ಹುಡುಕಿ ಹದಿನಾಲ್ಕು ಫೋಟೊ ತೆಗೆದು ಕಳಿಸಿದಳು. "ನಂಗಂತೂ ಹಿಡಿಸ್ಲಿಲ್ಲ ಕಣೇ" ಎಂದು ಕೆಳಗೆ ಬರೆದಳು.

ಎರಡು ದಿನ ಬಿಟ್ಟು ತಂಗಿ ಫೋನ್ ಮಾಡಿದಳು.

"ಅಕ್ಕಾ, ಆ ಮನೇನೇ ತಗೊಂಡ್ವಿ! ನಿನ್ನೆ ಇವ್ರೇ ಹೋಗಿ ನೋಡ್ಕೊಂಡು ಬಂದ್ರು. ನಿನ್ನ ಫೋಟೊ ತೋರಿಸಿದ್ದಕ್ಕೆ ಓನರ್ ಮರುಮಾತಾಡದೆ ಎಲ್ಲಾ ರಿಪೇರಿ ಮಾಡಿಸಿಕೊಡ್ತೀನಿ ಅಂದ್ರಂತೆ. ಹೊಸ ನಲ್ಲಿ, ಬಚ್ಚಲಿಗೆಲ್ಲ ಹೊಸ ಟೈಲು! ನಮಗೋಸ್ಕರ ಎಷ್ಟು ಕಣ್ಣಿಟ್ಟು ನೋಡಿದ್ದೀಯ ನೀನು!"

ಅಕ್ಕನಿಗೆ ನಾಚಿಕೆಯಾಗದೆ ಇರಲಿಲ್ಲ. ಆದರೆ ಹೊಸ ಟೈಲು ಎಂಬ ಮಾತು ಕಿವಿಗೆ ಬಿದ್ದದ್ದೇ ಹೊಟ್ಟೆಯುರಿ ಇನ್ನೊಂದು ಪಾಲು ಹೆಚ್ಚಾಯಿತು.

"ಯಾವ ಬಣ್ಣದ್ದು ಹಾಕಿಸ್ತಾರಂತೆ?" ಎಂದು ಕೇಳಿಯೇಬಿಟ್ಟಳು.